ಮೂರು ಮದುವೆ, ಒಂದೇ ಸ್ಟುಡಿಯೋ

ಕಳೆದ ತಿಂಗಳು ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಒಂದು ಮನೆಗೆ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋ ತೆಗೆಯಲು ಹೋಗಿದ್ದೆ. ಅಂಗಳದಲ್ಲಿ ಕಾರು ನಿಲ್ಲಿಸಿ ಬ್ಯಾಗು, ಲೈಟಿನ ಸ್ಟ್ಯಾಂಡು ಇಳಿಸುತ್ತಿರುವಾಗಲೇ ಜಗುಲಿಯ ಮೇಲೆ ಕೂತಿದ್ದ ಅಜ್ಜಿ ಒಳಗಿನವರಿಗೆ ಕೇಳುವಂತೆ ಹೇಳಿದರು, "ಮುನೀರ್ ಸ್ಟುಡಿಯೋದ ಅಮ್ಮ ಬಂದ್ರು ಕಣೇ. ಬೆಲ್ಲ ನೀರು ತಗೊಂಬಾ."

ನನ್ನ ಹೆಸರು ಸವಿತಾ. ಸಾಗರದ ಪೇಟೆಯಲ್ಲಿ ನನ್ನದೇ ಸ್ಟುಡಿಯೋ ಇದೆ, ಅದರ ಬೋರ್ಡಿನ ಮೇಲೆ ನನ್ನದೇ ಹೆಸರೂ ಇದೆ. ಆದರೆ ಆ ಅಜ್ಜಿಯ ಮೊಮ್ಮಗನ ಮದುವೆಗೆ ನಾನು ಬಂದಿದ್ದಾಗ ನನ್ನ ಎದೆಯ ಮೇಲೆ ಬೇರೆ ಸ್ಟುಡಿಯೋದ ಹೆಸರಿತ್ತು. ಅಜ್ಜಿ ಅದನ್ನೇ ನೆನಪಿಟ್ಟುಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ. ಬೆಲ್ಲ ನೀರು ಕುಡಿಯುತ್ತ ಆ ಬೇಸಿಗೆಯದೆಲ್ಲ ನೆನಪಾಗಿ ನಗು ಬಂತು, ನೀರು ನೆತ್ತಿಗೆ ಹತ್ತಿತು, ಅಜ್ಜಿ ಬಂದು ತಲೆ ತಟ್ಟಿದರು.

ಮದುವೆ ಫೋಟೋದವರ ಬದುಕಿನ ದೊಡ್ಡ ಸಂಕಟ ಏನೆಂದರೆ ಒಳ್ಳೆಯ ಮುಹೂರ್ತ ಎಲ್ಲರಿಗೂ ಒಂದೇ ದಿನ ಬರುತ್ತದೆ. ಮಳೆಗಾಲವೆಲ್ಲ ಸ್ಟುಡಿಯೋದಲ್ಲಿ ಕೂತು ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ "ಗಲ್ಲ ಸ್ವಲ್ಪ ಮೇಲೆ" ಅನ್ನುತ್ತ ಕಾಲ ಕಳೆದವರಿಗೆ ಮೇ ತಿಂಗಳು ಬಂದರೆ ಉಣ್ಣಲು ಪುರುಸೊತ್ತಿಲ್ಲ. ಅದೂ ಮದುವೆಮನೆಯಲ್ಲೇ ಉಣ್ಣಲು ಪುರುಸೊತ್ತಿಲ್ಲ, ಅದು ಇನ್ನೂ ದೊಡ್ಡ ಅನ್ಯಾಯ. ಅಂಥ ದಿನ ಫೋಟೋದವನಿಗೆ ಜ್ವರ ಬಂದರೆ ಏನು ಮಾಡುವುದು? ಮುಹೂರ್ತ ಕಾಯುವುದಿಲ್ಲ. ಅದಕ್ಕೇ ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಫೋಟೋಗ್ರಾಫರ್‌ಗಳ ಸಂಘದಲ್ಲಿ ಒಂದು ಪದ್ಧತಿ ಇದೆ. ಅದಕ್ಕೆ ನಾವು ಬದಲಿ ಎನ್ನುತ್ತೇವೆ. ಒಬ್ಬರಿಗೆ ಹೋಗಲಾಗದಿದ್ದರೆ ಇನ್ನೊಬ್ಬರನ್ನು ಬದಲಿಗೆ ಕೇಳಬಹುದು. ಕೇಳಿಸಿಕೊಂಡವರು ಇಲ್ಲ ಅನ್ನುವ ಹಾಗಿಲ್ಲ. ತಮಗೆ ಸಾಧ್ಯವಾಗದಿದ್ದರೆ ತಾವೇ ಇನ್ನೊಬ್ಬರನ್ನು ಹುಡುಕಿ ಕಳಿಸಬೇಕು. ದರದ ವಿಷಯಕ್ಕೆ, ಆಲ್ಬಮ್ಮಿನ ವಿಷಯಕ್ಕೆ ನಾವು ಜಗಳಾಡದ ವರ್ಷವೇ ಇಲ್ಲ. ಆದರೆ ಬದಲಿಗೆ ಕರೆದಾಗ ಬರಲಿಲ್ಲ ಅನ್ನುವ ಮಾತನ್ನು ಯಾರೂ ಯಾರ ಮೇಲೂ ಹೇಳಿದ್ದಿಲ್ಲ.

ಮುನೀರಣ್ಣ ಹೊಸನಗರದವನು. ನನಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವನು. ಸಾಗರದಲ್ಲಿ ಹೆಂಗಸಾದ ನಾನು ಮದುವೆಮನೆಗೆ ಕ್ಯಾಮೆರಾ ಹೊತ್ತು ಹೋದರೆ ಮನೆಯವರು "ಸ್ಟುಡಿಯೋದವರು ಯಾವಾಗ ಬರ್ತಾರೆ?" ಎಂದು ನನ್ನನ್ನೇ ಕೇಳುತ್ತಿದ್ದ ಕಾಲದಲ್ಲಿ, ಅವನು ನನ್ನ ಪಕ್ಕ ನಿಂತು "ಇವರೇ ಮೇನ್ ಫೋಟೋಗ್ರಾಫರ್, ನಾನು ಇವರ ಲೈಟ್ ಹಿಡಿಯೋಕೆ ಬಂದಿದೀನಿ" ಅನ್ನುತ್ತಿದ್ದ. ಹಾಗಂತ ಮೆತ್ತಗಿನ ಮನುಷ್ಯ ಅಂತಲ್ಲ. ಗ್ರೂಪ್ ಫೋಟೋ ತೆಗೆಯುವಾಗ ಅವನ ಗದರಿಕೆ ಕೇಳಬೇಕು. "ಚಿಕ್ಕಪ್ಪ, ಹೊಟ್ಟೆ ಒಳಗೆ. ಅತ್ತೆ, ಮೊಬೈಲ್ ಕೆಳಗೆ. ಭಾವ, ನೀವು ನಕ್ಕರೆ ನಮ್ಗೇನೂ ನಷ್ಟ ಇಲ್ಲ." ಹತ್ತು ನಿಮಿಷದ ಹಿಂದೆ ನೋಡಿದ ಮನೆಯವರನ್ನು ಅತ್ತೆ ಮಾವ ಎಂದು ಗದರಿಸುವ ಧೈರ್ಯ ನಮ್ಮ ಕಸುಬಿನಲ್ಲಿ ಅವನೊಬ್ಬನಿಗೇ ಇದ್ದದ್ದು. ಮೂರು ತಾಲೂಕಿನಲ್ಲಿ ಮೊದಲು ಡ್ರೋನ್ ತಂದವನೂ ಅವನೇ. ಅದೇ ಆ ಬೇಸಿಗೆ ಅವನ ಕುತ್ತಿಗೆಗೆ ಬಂತು.

ಏಪ್ರಿಲ್ ಕೊನೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಹೋಟೆಲಿನ ಟಿವಿಯ ಮುಂದೆ ಜನ ಇಡ್ಲಿ ಮರೆತು ನಿಲ್ಲುತ್ತಿದ್ದರು. ಸೈನ್ಯದಲ್ಲಿದ್ದ ಹುಡುಗರ ರಜೆ ರದ್ದಾಯಿತು. ಡ್ರೋನ್ ಹಾರಿಸಬಾರದೆಂದು ಆದೇಶ ಬಂತು, ನಾವೆಲ್ಲ ನಮ್ಮ ನಮ್ಮ ಡ್ರೋನುಗಳನ್ನು ಪೆಟ್ಟಿಗೆಯಲ್ಲಿಟ್ಟೆವು. ಮುನೀರಣ್ಣನೂ ಇಟ್ಟ. ಆದರೆ ಮಾರ್ಚ್‌ನಲ್ಲಿ ಅವನು ಅಣೆಕಟ್ಟಿನ ಹಿನ್ನೀರಿನ ಹತ್ತಿರ ಒಂದು ಮದುವೆ ಜೋಡಿಯ ವೀಡಿಯೋ ಮಾಡಿದ್ದ. ಆ ವೀಡಿಯೋದಿಂದ ಹುಡುಗ ಹುಡುಗಿಯನ್ನು ಕತ್ತರಿಸಿ ತೆಗೆದು, ಬರೀ ನೀರು ಗುಡ್ಡ ಉಳಿಸಿ, ಯಾರೋ ಒಬ್ಬ ಮಹಾನುಭಾವ ಗಡಸು ದನಿಯಲ್ಲಿ "ನಮ್ಮ ನೀರನ್ನು ಮೇಲಿನಿಂದ ಚಿತ್ರೀಕರಿಸುತ್ತಿರುವ ಇವನು ಯಾರು?" ಎಂದು ಸೇರಿಸಿ ವಾಟ್ಸಾಪಿನಲ್ಲಿ ಹರಿಯಬಿಟ್ಟ. ಕೆಳಗೆ ಮುನೀರಣ್ಣನ ಸ್ಟುಡಿಯೋದ ಹೆಸರು ಇದ್ದೇ ಇತ್ತು. ವೀಡಿಯೋದಲ್ಲಿ ಹೆಸರು ಅಷ್ಟು ದೊಡ್ಡದಾಗಿ ಹಾಕಿಕೊಳ್ಳಬೇಡಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ, ಚಿತ್ರದ ಅಂದ ಕೆಡುತ್ತದೆಂಬ ಬೇರೆ ಕಾರಣಕ್ಕೆ.

ಪೊಲೀಸರು ಕರೆದರು. ಕಾಗದಪತ್ರ ನೋಡಿದರು, ಪೂರ್ತಿ ವೀಡಿಯೋ ನೋಡಿದರು, ಚಹಾ ಕೊಟ್ಟು ಕಳಿಸಿದರು. ಅಲ್ಲಿಗೆ ಸರಿಯಾಗಬೇಕಿತ್ತು. ಆದರೆ ಮೊಬೈಲಿನಿಂದ ಮೊಬೈಲಿಗೆ ಹೋಗುವ ವೀಡಿಯೋಕ್ಕೆ ಯಾರು ಚಹಾ ಕೊಟ್ಟು ಸಮಾಧಾನ ಮಾಡುವುದು? ಅದು ಹೋಗುತ್ತಲೇ ಇತ್ತು. ಒಂದೊಂದಾಗಿ ಮದುವೆಗಳು ಅವನ ಕೈ ಬಿಟ್ಟವು. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಬಹಳ ನಯವಾಗಿ, "ನಮಗೇನಿಲ್ಲ ಮುನೀರ್, ಆದರೆ ಜನ ಏನಾದ್ರೂ ಅಂತಾರೆ" ಎಂದರು. ನಾನು ಇಷ್ಟು ವರ್ಷದಲ್ಲಿ ಮೂರು ತಾಲೂಕಿನ ಎಲ್ಲರ ಫೋಟೋ ತೆಗೆದಿದ್ದೇನೆ. ಈ 'ಜನ' ಎನ್ನುವವರ ಫೋಟೋ ಮಾತ್ರ ಈವರೆಗೆ ತೆಗೆದಿಲ್ಲ. ಅವರು ಎಲ್ಲಿರುತ್ತಾರೋ ಗೊತ್ತಿಲ್ಲ.

ಸಂಘದ ಸಭೆ ನನ್ನ ಸ್ಟುಡಿಯೋದ ಮಹಡಿಯಲ್ಲಿ ಸೇರಿತು. ಮುನೀರಣ್ಣ ಬರಲಿಲ್ಲ. ನಮ್ಮ ಅಧ್ಯಕ್ಷ ತೀರ್ಥಹಳ್ಳಿಯ ಚಂದ್ರಣ್ಣ. ಗದ್ದೆ ಕೆಲಸ ಮುಗಿಸಿ ಸ್ಟುಡಿಯೋಗೆ ಬರುವವನು, ಮೈಕ್ ಬೇಡದ ಗಂಟಲು. ನಿಂತುಕೊಂಡೇ ಮಾತಾಡಿದ. "ಮುನೀರನ್ನ ಬಿಟ್ಟು ಬಂದ ಗಿರಾಕಿ ಯಾರ ಹತ್ರ ಬಂದ್ರೂ, ಆ ಮದುವೆ ಮುನೀರಂದು ಅಂತ ಹೇಳಿ ವಾಪಸ್ ಕಳ್ಸೋದು. ಒಬ್ರು ಒಪ್ಕೊಂಡ ಮದುವೆಗೆ ಇನ್ನೊಬ್ರು ಕೈ ಹಾಕ್ಬಾರ್ದು ಅನ್ನೋದು ನಮ್ಮ ಹಳೇ ಮಾತೇ. ತಕರಾರಿದ್ರೆ ಈಗ್ಲೇ ಹೇಳಿ."

ಒಬ್ಬ ಹೇಳಿದ, "ಸೀಸನ್ ಟೈಮು ಚಂದ್ರಣ್ಣ. ನಮ್ಗೂ ಹೊಟ್ಟೆ ಇದೆ."

"ಇದೆ ಮಾರಾಯ, ಕಾಣ್ತಿದೆ. ನಿನ್ನ ಮದುವೇಲಿ ಅದನ್ನ ಕಾಣದಿದ್ದಂಗೆ ಫೋಟೋ ತೆಗ್ದಿದ್ದು ಮುನೀರನೇ."

ಎಲ್ಲರೂ ನಕ್ಕರು. ಹೊಟ್ಟೆಯವನೂ ನಕ್ಕ, ಒಪ್ಪಿದ. ಆದರೆ ಮರುದಿನ ಇಬ್ಬರು ಏನೂ ಹೇಳದೆ ನಮ್ಮ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋದರು. ಉಳಿದವರು ಮಾತಿನಂತೆ ನಡೆದರು. ಗಿರಾಕಿಗಳು ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದು, ಎಲ್ಲ ಕಡೆ ಒಂದೇ ಉತ್ತರ ಕೇಳಿ, ಕೊನೆಗೆ ದೂರದ ಊರುಗಳಿಂದ ತಂಡ ಕರೆಸಿಕೊಂಡರು. ಮುನೀರಣ್ಣನ ಕೆಲಸ ನಾವು ಕಿತ್ತುಕೊಳ್ಳಲಿಲ್ಲ, ಸರಿ. ಆದರೆ ಅವನ ಕೆಲಸವೂ ಅವನಿಗೆ ವಾಪಸ್ ಬರಲಿಲ್ಲ.

ನನ್ನ ಜೊತೆ ಕೆಲಸಕ್ಕೆ ಬನ್ನಿ ಎಂದು ಕರೆದೆ. "ಬೇಡ ಸವಿತಾ. ನಾನು ಬಂದ್ರೆ ನಿನ್ನ ಗಿರಾಕಿಗಳೂ ಕೈ ಬಿಡ್ತಾರೆ" ಎಂದ. ಅವನ ಹೆಂಡತಿ ಶಮೀಮಕ್ಕ ಫೋನ್ ಮಾಡಿದಾಗ ಪೂರ್ತಿ ವಿಷಯ ಗೊತ್ತಾಯಿತು. ಮುನೀರಣ್ಣ ಕ್ಯಾಮೆರಾ ಮಾರುತ್ತಿದ್ದಾನೆ. ಮಂಗಳೂರಿನಲ್ಲಿ ಅವನ ಭಾವಮೈದುನನ ಚಪ್ಪಲಿ ಅಂಗಡಿ ಇದೆ, ಅಲ್ಲಿಗೆ ಹೋಗುತ್ತಾನೆ. ಕ್ಯಾಮೆರಾ ಕೊಳ್ಳುವವನು ಶಿವಮೊಗ್ಗದಿಂದ ಮುಂದಿನ ಭಾನುವಾರ ಬರುತ್ತಾನೆ. ಭಾನುವಾರ ಅಂದರೆ ಆ ವರ್ಷದ ಅತಿ ದೊಡ್ಡ ಮುಹೂರ್ತದ ದಿನ. ಆ ದಿನ ಮೂರು ತಾಲೂಕಿನಲ್ಲಿ ಪುರುಸೊತ್ತಾಗಿ ಮನೆಯಲ್ಲಿ ಕೂರುವ ಫೋಟೋಗ್ರಾಫರ್ ಅವನೊಬ್ಬನೇ ಆಗಿದ್ದ. ಕೇಳಿ ನನಗೆ ಸಿಟ್ಟು ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದದ್ದರಿಂದ ಶಮೀಮಕ್ಕನ ಹತ್ತಿರ ಏನು ಮಾತಾಡಿದೆನೋ ನೆನಪಿಲ್ಲ.

ಆಗ ಹೊಳೆದದ್ದು ಬದಲಿ. ಕರೆದರೆ ಬರುವುದಿಲ್ಲ ಅನ್ನುತ್ತಾನೆ. ಬದಲಿಗೆ ಕೇಳಿದರೆ ಬರುವುದಿಲ್ಲ ಅನ್ನಲು ಆಗುವುದಿಲ್ಲವಲ್ಲ. ತಕ್ಷಣ ಫೋನ್ ಮಾಡಿ ನರಳಿದೆ. "ಮುನೀರಣ್ಣ, ಸೊಂಟ ಹಿಡ್ಕೊಂಡ್ಬಿಟ್ಟಿದೆ. ಭಾನುವಾರ ಸಾಗರದ ಮದುವೆಗೆ ಬದಲಿ ಬೇಕು."

ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ, "ಬದಲಿ ಅಂದ್ಮೇಲೆ ಆಯ್ತು. ನೀನು ಬಿಸಿನೀರು ಹಾಕ್ಕೋ" ಎಂದ.

ಸಾಗರದ ಆ ಮದುವೆ ಒಬ್ಬ ನಿವೃತ್ತ ಮೇಷ್ಟ್ರ ಮಗಳದು. ನನಗೆ ಸೊಂಟನೋವು, ಬದಲಿಗೆ ಮುನೀರಣ್ಣ ಬರುತ್ತಾನೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರ ಮಗ ಸೈನ್ಯದಲ್ಲಿದ್ದ, ತಂಗಿಯ ಮದುವೆಗೆ ಬರಲು ರಜೆ ಸಿಕ್ಕಿರಲಿಲ್ಲ. "ಅವರೇ ಆಗ್ಬೇಕಾಮ್ಮ?" ಎಂದು ಕೇಳಿದರು. ಬೇರೆ ಯಾರೂ ಖಾಲಿ ಇಲ್ಲ ಎಂದೆ, ಅದು ನಿಜವೇ ಆಗಿತ್ತು. ಸಂಜೆ ಮದುಮಗಳೇ ಫೋನ್ ಮಾಡಿದಳು. "ಅಕ್ಕಾ, ಫೋಟೋದಲ್ಲಿ ನನ್ನ ಮೂಗು ಸಣ್ಣ ಕಾಣ್ಬೇಕು, ಅಷ್ಟೇ ನಂಗೆ. ಮುನೀರಣ್ಣಂಗೆ ಅದು ಬರುತ್ತಲ್ಲ? ಅಪ್ಪಂಗೆ ನಾನು ಹೇಳ್ತೀನಿ ಬಿಡಿ." ನಾನು ಬೀಗಿದೆ. ಇಂಥ ಉಪಾಯ ನನ್ನ ತಲೆಗಲ್ಲದೆ ಯಾರ ತಲೆಗೆ ಹೊಳೆಯುತ್ತದೆ ಅಂದುಕೊಂಡೆ.

ಇನ್ನಿಬ್ಬರ ತಲೆಗೆ ಹೊಳೆದಿತ್ತು. ಅದು ನನಗೆ ಗೊತ್ತಿರಲಿಲ್ಲ. ಅದೇ ದಿನ ಸಂಜೆಯೊಳಗೆ ಚಂದ್ರಣ್ಣ ತನಗೆ ಕಿಡ್ನಿಯಲ್ಲಿ ಕಲ್ಲಾಗಿದೆಯೆಂದು, ಮೇಳಿಗೆಯ ಮದುವೆಗೆ ಬದಲಿ ಬೇಕೆಂದು ಮುನೀರಣ್ಣನನ್ನು ಕೇಳಿದ್ದ. ಕೆಳದಿ ಹತ್ತಿರದ ನಮ್ಮ ಗಣಪತಿ ಭಟ್ಟ, ನಾವೆಲ್ಲ ಗಪ್ಪತಿ ಅನ್ನುವವನು, ಕೆಳದಿಯ ಮದುವೆಗೆ ಹೋಗಲಾಗದಂತೆ ತನಗೆ ಪುರುಡು ಬಂದಿದೆ ಎಂದಿದ್ದ. ದಾಯಾದಿಗಳ ಮನೆಯಲ್ಲಿ ಮಗು ಹುಟ್ಟಿದರೆ ಅವರ ಮನೆಯವರು ಕೆಲವು ದಿನ ಮದುವೆ ಮುಂಜಿಗೆ ಹೋಗುವ ಹಾಗಿಲ್ಲ. ಸುಳ್ಳಿಗೆ ಸಾವು ಹೇಳುವುದು ಬೇಡವೆಂದು ಪುಣ್ಯಾತ್ಮ ಒಂದು ಮಗುವನ್ನು ಹುಟ್ಟಿಸಿದ್ದ. ಯಾರೂ ಯಾರಿಗೂ ಹೇಳಲಿಲ್ಲ. ಮೂವರೂ ಒಂದೇ ಮುಹೂರ್ತದ ಮದುವೆಯನ್ನು ಒಬ್ಬನೇ ಮನುಷ್ಯನ ತಲೆಗೆ ಕಟ್ಟಿದ್ದೆವು.

ಮುನೀರಣ್ಣ ಬದಲಿ ಹುಡುಕಲು ಸಂಘದಲ್ಲಿ ಉಳಿದವರಿಗೆಲ್ಲ ಫೋನ್ ಮಾಡಿದ. ಯಾರೂ ಖಾಲಿ ಇಲ್ಲ. ಕೊನೆಗೆ, ಕಾಯಿಲೆಯವರಲ್ಲಿ ಒಬ್ಬರಾದರೂ ಭಾನುವಾರದೊಳಗೆ ಎದ್ದು ನಿಲ್ಲುತ್ತಾರೋ ನೋಡೋಣ, ಹಾಗೆಯೇ ಕ್ಷೇಮ ವಿಚಾರಿಸಿದ ಹಾಗೂ ಆಗುತ್ತದೆ ಎಂದು, ಬ್ರೆಡ್ಡು ಮೂಸಂಬಿ ಕಟ್ಟಿಸಿಕೊಂಡು ಬೈಕ್ ಹತ್ತಿದ.

ತೀರ್ಥಹಳ್ಳಿಯಲ್ಲಿ ಚಂದ್ರಣ್ಣನ ಮನೆಗೆ ಹೋದಾಗ ಕಿಡ್ನಿ ಕಲ್ಲಿನ ರೋಗಿ ಹಲಸಿನ ಮರದ ಮೇಲಿದ್ದ. ಮೇಲಿನಿಂದಲೇ ಇವನನ್ನು ನೋಡಿ, ಇಳಿಯುವುದೋ ಅಲ್ಲೇ ಅವಿತುಕೊಳ್ಳುವುದೋ ತಿಳಿಯದೆ, "ಡಾಕ್ಟ್ರು ಎಕ್ಸರ್‌ಸೈಜ್ ಮಾಡು ಅಂದಿದಾರೆ ಮಾರಾಯ" ಎಂದನಂತೆ.

ಗಪ್ಪತಿಯ ಮನೆಗೆ ಇವನು ಮಗುವಿಗೆಂದು ಸೋಪು ಪೌಡರಿನ ಡಬ್ಬಿಯನ್ನೂ ಒಯ್ದಿದ್ದ. ಗಪ್ಪತಿಯ ತಾಯಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಒಳಗೆ ಕೂಗಿದರು, "ಗಪ್ಪತೀ, ಎಂತದೋ ಇದು? ಎಂಗಳಲ್ಲಿ ಯಾರ ಮನೇಲಿ ಮಗು ಹುಟ್ಟಿದ್ದು? ಎಂಗೆ ಗೊತ್ತೇ ಇಲ್ಲೆ." ಗಪ್ಪತಿ ಹೊರಗೆ ಬರಲೇ ಇಲ್ಲ. ಹಿತ್ತಲ ಬಾಗಿಲಿನಿಂದ ದಾಟಿ ಹೋದ ಸದ್ದು ಕೇಳಿಸಿತು ಎಂದ ಮುನೀರಣ್ಣ.

ನನ್ನ ಹತ್ತಿರ ಬಂದಾಗ ನಾನು ಮಕ್ಕಳ ಫೋಟೋಕ್ಕೆ ಇಟ್ಟ ದೊಡ್ಡ ಸಿಂಹಾಸನದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ.

"ಸೊಂಟ ಹೇಗಿದೆ?" ಎಂದು ಕೆಳಗಿನಿಂದ ದನಿ ಬಂತು.

"ಈಗ ಸ್ವಲ್ಪ ವಾಸಿ ಅಣ್ಣಾ" ಎಂದೆ, ಕುರ್ಚಿ ತಲೆಯ ಮೇಲೇ ಇತ್ತು.

ಅವನು ಮೇಲೆ ಬಂದ. ಕುರ್ಚಿ ಇಳಿಸಿದ ಮೇಲೆ ಅದರಲ್ಲೇ ಕೂತ. ಚಂದ್ರಣ್ಣನ ಮರ, ಗಪ್ಪತಿಯ ಮಗು, ಎಲ್ಲ ಹೇಳಿದ. ನನಗೆ ನಗು ತಡೆಯಲಾಗಲಿಲ್ಲ, ನೆಲದ ಮೇಲೆ ಕೂತು ನಕ್ಕೆ. ಅವನು ನಗಲಿಲ್ಲ.

"ಮೂರು ಜನ ಸೇರ್ಕೊಂಡು ಮಾಡಿದ್ದಾ ಇದು?"

"ಇಲ್ಲಣ್ಣ. ಸೇರ್ಕೊಂಡಿದ್ರೆ ಇಷ್ಟು ಕೆಟ್ಟದಾಗಿ ಮಾಡ್ತಿರ್ಲಿಲ್ಲ."

"ನಂಗೆ ದಾನ ಕೊಡೋಕೆ ಹೊರಟ್ರಾ ನೀವೆಲ್ಲ?" ಎಂದ. ದನಿ ಸಣ್ಣದಾಗಿತ್ತು, ಅದಕ್ಕೇ ಹೆಚ್ಚು ನೋವಾಯಿತು.

ಆಗ ನನಗೂ ರೇಗಿತು. "ದಾನ ಅಲ್ಲ. ನನ್ನ ಸ್ವಾರ್ಥ ಅನ್ನಿ. ನೀವು ಮಂಗಳೂರಿಗೆ ಹೋಗಿ ಯಾರ್ದೋ ಕಾಲಿಗೆ ಚಪ್ಪಲಿ ಹಾಕಿ ನೋಡ್ತಾ ಇರ್ತೀರಿ, ಇಲ್ಲಿ ನಾನು ತೆಗ್ದ ಫೋಟೋ ನೋಡಿ 'ಥೂ, ಇದೆಂಥ ಲೈಟು' ಅಂತ ಬೈಯೋರು ಯಾರಿದಾರೆ? ಚೆನ್ನಾಗಿದೆ ಅನ್ನೋರು ಊರ್ತುಂಬ ಸಿಗ್ತಾರೆ. ನಂಗೆ ನೀವು ಬೇಕು. ಅಷ್ಟೇ."

ಮುನೀರಣ್ಣ ನನಗೆಂದು ತಂದ ಮೂಸಂಬಿಯನ್ನು ತಾನೇ ಸುಲಿದ, ತಾನೇ ತಿಂದ. ಎರಡನೆಯದನ್ನೂ ಸುಲಿದ. ಅದು ಅರ್ಧವಾಗುವಷ್ಟರಲ್ಲಿ ಅವನ ಮುಖದಲ್ಲಿ ಗ್ರೂಪ್ ಫೋಟೋ ತೆಗೆಯುವಾಗಿನ ಗತ್ತು ಕಾಣಿಸಿಕೊಂಡಿತು. ಎಷ್ಟೋ ದಿನಗಳ ಮೇಲೆ ಆ ಗತ್ತು ನೋಡಿ ನಾನು ಸುಮ್ಮನೆ ಎದ್ದು ನಿಂತೆ.

"ಮೂರು ಬದಲಿಗೂ ಹೂಂ ಅಂದಾಗಿದೆ" ಎಂದ. "ಈಗ ಮೂರು ಮದುವೆನೂ ನಂದು. ನನ್ನ ಸ್ಟುಡಿಯೋದ್ದು. ನಿಮ್ಗೆಲ್ಲ ಮೈ ಹುಷಾರಾಗಿದ್ಯಲ್ಲ, ನನ್ನ ಕೈಕೆಳಗೆ ಕೆಲಸಕ್ಕೆ ಬನ್ನಿ. ಚಂದ್ರನಿಗೂ ಆ ಭಟ್ಟನಿಗೂ ಫೋನ್ ಹಚ್ಚು."

ಆದರೆ ಒಂದು ತೊಡಕಿತ್ತು. ನನಗೆ ಸೊಂಟನೋವೆಂದು ಮೇಷ್ಟ್ರಿಗೆ ಹೇಳಿದ್ದೆ, ಅವರ ಮನೆಗೆ ನಾನು ಕುಣಿದುಕೊಂಡು ಹೋಗುವ ಹಾಗಿರಲಿಲ್ಲ. ಚಂದ್ರಣ್ಣ ಮೇಳಿಗೆಯವರ ಹತ್ತಿರ ಕಿಡ್ನಿ ಹಿಡಿದುಕೊಂಡು ಅತ್ತಿದ್ದ. ಗಪ್ಪತಿಯ ಗತಿ ಎಲ್ಲಕ್ಕಿಂತ ಕಷ್ಟ. ಪುರುಡಿನವನು ಯಾವ ಮದುವೆಯಲ್ಲಿ ಕಂಡರೂ ಸಿಕ್ಕಿಬೀಳುತ್ತಾನೆ, ಅವನ ನೆಂಟರಿಲ್ಲದ ಮದುವೆ ನಮ್ಮ ಕಡೆ ಇಲ್ಲ. ಮುನೀರಣ್ಣ ಸಿಂಹಾಸನದಲ್ಲಿ ಕೂತೇ ತೀರ್ಮಾನ ಮಾಡಿದ. ಸಾಗರದ ಮೇಷ್ಟ್ರ ಮನೆಗೆ ತಾನು. ಮೇಳಿಗೆಗೆ ನಾನು. ಕೆಳದಿಗೆ ಚಂದ್ರಣ್ಣ. ಗಪ್ಪತಿ ಹೊಸನಗರದ ಸ್ಟುಡಿಯೋದಲ್ಲಿ ಬಾಗಿಲು ಮುಚ್ಚಿಕೊಂಡು ಕೂತು, ಸಂಜೆ ನಾವು ತಂದ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಬೇಕು. "ಪುರುಡು ಕಳೆಯೋವರೆಗೆ ಹೊರಗೆ ತಲೆ ಹಾಕ್ಬೇಡ" ಎಂದು ಫೋನಿನಲ್ಲಿ ಅಪ್ಪಣೆಯಾಯಿತು.

ಮೂರೂ ಮನೆಯವರಿಗೆ ಮುನೀರಣ್ಣ ತಾನೇ ಫೋನ್ ಮಾಡಿ ಹೇಳಿದ, ನಿಮ್ಮ ಮದುವೆ ನಮ್ಮ ಸ್ಟುಡಿಯೋದ್ದು ಎಂದು. ಶುಕ್ರವಾರ ಟೀ ಶರ್ಟು ಬಂದವು. ತಿಳಿ ನೀಲಿ ಬಣ್ಣ, ಎದೆಯ ಮೇಲೆ 'ಮುನೀರ್ ಸ್ಟುಡಿಯೋ, ಹೊಸನಗರ'. ಚಂದ್ರಣ್ಣನಿಗೆ ಅವನ ಅಳತೆಯದು ಸಿಕ್ಕಲಿಲ್ಲ, ಮೀಡಿಯಂನಲ್ಲೇ ತುರುಕಿಕೊಂಡ, ಅಕ್ಷರಗಳು ಅಗಲವಾಗಿ ದೂರದಿಂದಲೂ ಓದುವಂತಾದವು. ಹೊಸ ಪ್ರಿಂಟಿನ ರಬ್ಬರ್ ವಾಸನೆಗೆ ನನಗೆ ತಲೆನೋವು ಬಂತು. ನಿಜವಾದ ತಲೆನೋವು, ಯಾರೂ ನಂಬಲಿಲ್ಲ.

ಮೇಳಿಗೆಯಲ್ಲಿ ಅಂಗಳದ ಚಪ್ಪರದಲ್ಲೇ ಮದುವೆ. ಸೆಕೆ ಅಂದರೆ ಸೆಕೆ, ಆಕಾಶ ಮುಚ್ಚಿಕೊಂಡಿದೆ, ಮಳೆ ಮಾತ್ರ ಇಲ್ಲ. ಹುಡುಗನ ದೊಡ್ಡಪ್ಪ ಅಂತ ಒಬ್ಬರಿದ್ದರು, ಬಿಳಿ ಪಂಚೆ, ಹೆಗಲ ಮೇಲೆ ಶಾಲು. ನನ್ನ ಕ್ಯಾಮೆರಾ ನೋಡಿ ಮುಖ ಅರಳಿಸಿ ಬಂದರು.

"ಸದ್ಯ, ನೀವು ಬಂದ್ರಾ. ಚಂದ್ರ ಬರಲ್ಲ, ಯಾರೋ ಸಾಬ್ರು ಬರ್ತಾರೆ ಅಂದಿದ್ರು. ಈಗಿನ ಪರಿಸ್ಥಿತೀಲಿ ಯಾಕ್ ಬೇಕು ಅಂತ ನಾ ಹೇಳ್ತಾನೇ ಇದ್ದೆ."

ಹೌದು ಹೌದು ಎಂದು ತಲೆಯಾಡಿಸಿ ಕೆಲಸ ನೋಡಿಕೊಳ್ಳಬಹುದಿತ್ತು. ನಾನು ಬ್ಯಾಗಿನ ಪಟ್ಟಿ ಸರಿಸಿ ಎದೆಯ ಮೇಲಿನ ಹೆಸರು ಕಾಣುವಂತೆ ನಿಂತೆ. "ಅವರೇ ಕಳ್ಸಿದ್ದು ನನ್ನ. ಈ ಮದುವೆ ಅವರ ಸ್ಟುಡಿಯೋದ್ದು. ನಂಗೆ ಕೆಲಸ ಕಲ್ಸಿದ ಗುರುಗಳು ಅವರು."

ಅವರು ಹೆಸರನ್ನು ಓದಿದರು. ಇನ್ನೊಮ್ಮೆ ಓದಿದರು. "ನಾನು ಫೋಟೋಕ್ಕೆ ನಿಲ್ಲಲ್ಲ ಹಂಗಾರೆ" ಎಂದು ಹೋಗಿ ತುಳಸಿಕಟ್ಟೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಗ್ರೂಪ್ ಫೋಟೋದ ಹೊತ್ತಿಗೆ ಎಲ್ಲರೂ ಕರೆದರೂ ಬರಲಿಲ್ಲ. ಆಗ ಅಜ್ಜಿ, ನನಗೆ ಬೆಲ್ಲ ನೀರು ಕೊಡಿಸಿದ ಇದೇ ಅಜ್ಜಿ, ದೊಡ್ಡಪ್ಪನವರ ತಾಯಿ, ಕೋಲು ಊರಿಕೊಂಡು ಮುಂದೆ ಬಂದರು. "ಬಿಡ್ರೋ ಅವ್ನನ್ನ. ಬರ್ದಿದ್ರೆ ಒಂದು ಜಾಗ ಉಳೀತು. ಹಿಂದೆ ನಿಂತಿರೋ ಅಡುಗೆಯೋರನ್ನ ಕರೀರಿ, ಬೆಳಗ್ಗಿಂದ ಬೆಂಕಿ ಮುಂದೆ ಬೆಂದಿದಾವೆ, ಅವ್ರದೂ ಒಂದು ಫೋಟೋ ಆಗ್ಲಿ." ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ನಿಂತರು. ಆ ವರ್ಷ ನಾನು ತೆಗೆದ ಗ್ರೂಪ್ ಫೋಟೋಗಳಲ್ಲಿ ಅದರಷ್ಟು ಚೆನ್ನಾಗಿ ಇನ್ನೊಂದು ಬರಲಿಲ್ಲ. ದೊಡ್ಡಪ್ಪನವರು ಊಟದ ಪಂಕ್ತಿಯಲ್ಲಿ ಸಿಕ್ಕಾಗ ಒಬ್ಬಟ್ಟು ತಿನ್ನುವ ಫೋಟೋ ತೆಗೆದೆ. ಅದಕ್ಕೆ ಬೇಡ ಅನ್ನಲಿಲ್ಲ, ಬಾಯಿ ತುಂಬಿತ್ತು.

ಕೆಳದಿಯಲ್ಲಿ ಚಂದ್ರಣ್ಣನ ಹೆಸರೇನೆಂದು ಒಬ್ಬ ಹಿರಿಯರು ಕೇಳಿದರಂತೆ. ಇವನು ಎದೆ ಮುಂದೆ ಮಾಡಿ "ಓದ್ಕೊಳ್ಳಿ" ಎಂದನಂತೆ. ದಿನವಿಡೀ ಆ ಮನೆಯವರು ಅವನನ್ನು ಮುನೀರಣ್ಣ ಎಂದೇ ಕರೆದರು, ಎರಡೆರಡು ಸಲ ಪಾಯಸ ಬಡಿಸಿದರು. "ಆ ಹೆಸರಿಗೆ ಇಷ್ಟು ಮರ್ಯಾದೆ ಅಂತ ಗೊತ್ತಿದ್ರೆ ಮೊದ್ಲೇ ಇಟ್ಕೊತಿದ್ದೆ" ಎಂದು ಇಂದಿಗೂ ಹೇಳುತ್ತಾನೆ.

ಸಾಗರದಲ್ಲಿ ಏನಾಯಿತೆಂದು ಮದುಮಗಳು ನನಗೆ ಆಮೇಲೆ ಹೇಳಿದಳು. ಮೇಷ್ಟ್ರು ಬೆಳಗ್ಗಿನಿಂದ ಮುನೀರಣ್ಣನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತಾಡಿದ್ದರು. ಧಾರೆ ಮುಗಿದು ಮನೆಯವರ ಗ್ರೂಪ್ ಫೋಟೋ. ಎಲ್ಲರನ್ನೂ ನಿಲ್ಲಿಸಿದ ಮುನೀರಣ್ಣ, ಸಾಲನ್ನು ಒಮ್ಮೆ ನೋಡಿ ಕೇಳಿದ, "ಮದುಮಗಳ ಅಣ್ಣ ಎಲ್ಲಿ?"

ತಾಯಿ ಸೆರಗು ಬಾಯಿಗೆ ಹಿಡಿದರು. ಮೇಷ್ಟ್ರೇ ಹೇಳಿದರು, "ಗಡಿಯಲ್ಲಿದಾನೆ."

"ಎತ್ತರ ಎಷ್ಟು?"

"ನನಗಿಂತ ಅರ್ಧ ತಲೆ ಜಾಸ್ತಿ."

"ಹಾಗಿದ್ರೆ ಅಮ್ಮನ ಪಕ್ಕ ಅವನ ಜಾಗ ಬಿಡಿ. ಮೇಷ್ಟ್ರೇ, ನೀವು ಒಂದು ಹೆಜ್ಜೆ ಬಲಕ್ಕೆ. ಮಗನ ಜಾಗ ತುಳೀಬೇಡಿ."

ಇದನ್ನು ಯಾರೂ ದೇಶಭಕ್ತಿಯ ಕತೆ ಮಾಡಬಾರದು. ದುಬೈಯಲ್ಲಿ ರಜೆ ಸಿಗದ ಭಾವನಿಗೂ, ಪರೀಕ್ಷೆ ಬರೆಯಲು ಹೋದ ತಮ್ಮನಿಗೂ ಮುನೀರಣ್ಣ ಹೀಗೇ ಜಾಗ ಬಿಡಿಸುತ್ತಿದ್ದ. ಅವರು ಬಂದ ಮೇಲೆ ಅದೇ ಬೆಳಕಿನಲ್ಲಿ ಅವರೊಬ್ಬರನ್ನೇ ನಿಲ್ಲಿಸಿ ಫೋಟೋ ತೆಗೆದು ಆ ಜಾಗಕ್ಕೆ ಸೇರಿಸುತ್ತಿದ್ದ. ಅದು ಅವನ ಕೆಲಸದ ಕ್ರಮ, ಅಷ್ಟೇ. ಕಷ್ಟ ಏನೆಂದರೆ ನಮ್ಮ ಜನಕ್ಕೆ ಫೋಟೋಕ್ಕೆ ನಿಂತಾಗ ಒತ್ತಿಕೊಂಡು ನಿಂತೇ ಅಭ್ಯಾಸ. ಬಿಟ್ಟ ಜಾಗಕ್ಕೆ ಒಬ್ಬರಲ್ಲ ಒಬ್ಬರು ಜಾರಿ ಬರುತ್ತಿದ್ದರು. ಕೊನೆಗೆ ಮೇಷ್ಟ್ರು ತಮ್ಮ ಎಡಗೈಯನ್ನು ಉದ್ದಕ್ಕೆ ಚಾಚಿ ಆ ಜಾಗವನ್ನು ಕಾಯ್ದುಕೊಂಡು ನಿಂತರು. ಆ ಫೋಟೋಗಳನ್ನು ನಾನು ನೋಡಿದ್ದೇನೆ. ಒಂದೊಂದರಲ್ಲೂ ಮೇಷ್ಟ್ರ ಕೈ ಹಾಗೇ ಚಾಚಿದೆ, ಕಣ್ಣು ಕ್ಯಾಮೆರಾ ಕಡೆ ಇಲ್ಲ, ಆ ಖಾಲಿ ಜಾಗದ ಕಡೆ ಇದೆ. 

ಹೊರಡುವಾಗ ಹುಡುಗಿಯ ತಾಯಿ ಮುನೀರಣ್ಣನ ಹತ್ತಿರ ಬಂದು ಕೇಳಿದರು, "ಅವ್ನು ಯಾವಾಗ ಬರ್ತಾನೋ ಗೊತ್ತಿಲ್ಲಪ್ಪ. ಬಂದಾಗ ಸೇರಿಸಿ ಕೊಡ್ತೀರಲ್ಲ?"

"ಯಾವಾಗ ಬಂದ್ರೂ ಕಳ್ಸಿ ಅಮ್ಮ. ಇದೇ ಕ್ಯಾಮೆರಾ, ಇದೇ ಲೆನ್ಸು ಇಟ್ಕೊಂಡು ಹೊಸನಗರದಲ್ಲೇ ಇರ್ತೀನಿ" ಎಂದು ಮುನೀರಣ್ಣ ರೂಢಿಯಂತೆ ಹೇಳಿಬಿಟ್ಟ. ಹೇಳಿ, ಬೈಕ್ ಹತ್ತಿ, ದಾರಿಯಲ್ಲಿ ಸಿಗುವ ಬಟ್ಟೆಮಲ್ಲಪ್ಪ ಊರು ದಾಟಿದ ಮೇಲೆ ಅವನಿಗೆ ತಾನೇನು ಹೇಳಿದೆನೆಂದು ಹೊಳೆಯಿತಂತೆ.

ಹೊತ್ತು ಮುಳುಗುವ ಮುಂಚೆ ನಾವೆಲ್ಲ ಹೊಸನಗರದ ಸ್ಟುಡಿಯೋದಲ್ಲಿ ಸೇರಿದೆವು. ಶಮೀಮಕ್ಕ ಹಲಸಿನ ಹಪ್ಪಳ ಕರಿದು ತಂದಿಟ್ಟಿದ್ದರು. ಗಪ್ಪತಿ ಇಡೀ ದಿನ ಒಳಗೇ ಕೂತು ಮಂಕಾಗಿದ್ದ, ಮೂರು ಮದುವೆಯ ಊಟದ ವಿವರವನ್ನು ಒಂದೊಂದಾಗಿ ಕೇಳಿ ಇನ್ನಷ್ಟು ಮಂಕಾದ. ಮುನೀರಣ್ಣ ನನ್ನ ಫೋಟೋಗಳನ್ನು ನೋಡುತ್ತ "ಥೂ, ಇದೆಂಥ ಲೈಟು" ಎಂದ. ಅಡುಗೆಯವರ ಫೋಟೋ ಬಂದಾಗ ಮಾತ್ರ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ತನ್ನ ಕ್ಯಾಮೆರಾವನ್ನು ಒರೆಸತೊಡಗಿದ.

"ಇದೇ ಕ್ಯಾಮೆರಾ ಇಟ್ಕೊಂಡಿರ್ತೀನಿ ಅಂದ್ಬಿಟ್ಟೆ ಸವಿತಾ, ಆ ತಾಯಿಗೆ" ಎಂದ. "ಈಗ ಏನ್ಮಾಡೋದು?"

ಚಂದ್ರಣ್ಣ ಹಪ್ಪಳ ಮುರಿಯುವುದನ್ನು ನಿಲ್ಲಿಸಿದ. ಮುನೀರಣ್ಣ ಹೆಂಡತಿಯ ಕಡೆ ತಿರುಗಿ ಕೇಳಿದ, "ಶಿವಮೊಗ್ಗದವನು ಬಂದಿದ್ನಾ? ನಾಳೆ ಬಾ ಅಂತ ಹೇಳು ಅಂದಿದ್ದೆ."

"ಬಂದಿದ್ದ" ಎಂದರು ಶಮೀಮಕ್ಕ. "ಕ್ಯಾಮೆರಾ ಮದುವೆಗೆ ಹೋಗಿದೆ ಅಂದೆ."

"ಮತ್ತೆ?"

"ಯಾವಾಗ ಬರುತ್ತೆ ಅಂತ ಕೇಳ್ದ. ಬಂದ್ರೂ ಇನ್ನೊಂದು ಮದುವೆಗೆ ಹೋಗುತ್ತೆ ಅಂದೆ. ಹೋದ."

ಚಂದ್ರಣ್ಣನ ನಗು ರಸ್ತೆಯ ಆಚೆ ತನಕ ಕೇಳಿಸಿರಬೇಕು. ಮುನೀರಣ್ಣ ಕ್ಯಾಮೆರಾ ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡ. ಲೆನ್ಸ್ ಒರೆಸುವ ಬಟ್ಟೆಗೆ ಬೆರಳು ತಾಗಿಸಿದರೂ ನಮ್ಮನ್ನು ಬೈಯುತ್ತಿದ್ದವನು ಅವನೇ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಅಂತಲ್ಲ. ಬಿಟ್ಟು ಹೋದ ಮದುವೆಗಳು ಆ ಸೀಸನ್ನಿನಲ್ಲಿ ವಾಪಸ್ ಬರಲಿಲ್ಲ. ಗುಂಪು ಬಿಟ್ಟ ಇಬ್ಬರು ಈಗಲೂ ಎದುರಾದರೆ ಮೊಬೈಲ್ ನೋಡುತ್ತ ಹೋಗುತ್ತಾರೆ. ಆದರೆ ಆ ಮೂರು ಮನೆಯವರಿಂದ ಅವರ ನೆಂಟರಿಗೆ, ನೆಂಟರಿಂದ ಅವರ ನೆಂಟರಿಗೆ ಮುನೀರ್ ಸ್ಟುಡಿಯೋದ ಹೆಸರು ಹೋಯಿತು. ಅದಕ್ಕೆ ಎಷ್ಟು ಜನ ಫೋಟೋಗ್ರಾಫರ್‌ಗಳಪ್ಪ ಎಂದು ಕೆಳದಿಯ ಕಡೆ ಬೆರಗಾಗಿ ಮಾತಾಡಿಕೊಂಡರಂತೆ. ಮಂಗಳೂರಿನ ಚಪ್ಪಲಿ ಅಂಗಡಿಗೆ ಮುನೀರಣ್ಣ ಒಮ್ಮೆ ಹೋದ, ತನಗೊಂದು ಜೊತೆ ಚಪ್ಪಲಿ ಕೊಂಡು ಮರುದಿನವೇ ಬಂದ.

ಗಡಿಯಲ್ಲಿ ಗುಂಡಿನ ಸದ್ದು ನಿಂತು, ನಮ್ಮಲ್ಲಿ ಮಳೆಯೂ ಒಂದು ಸುತ್ತು ಮುಗಿದ ಮೇಲೆ ಮೇಷ್ಟ್ರ ಮಗ ರಜೆಗೆ ಬಂದ. ತಂದೆಯೇ ಅವನನ್ನು ಹೊಸನಗರಕ್ಕೆ ಕರೆತಂದರು. ಲೈಟ್ ಹಿಡಿಯಲು ಮುನೀರಣ್ಣ ನನ್ನನ್ನು ಕರೆಸಿದ್ದ. ಬೂದು ಪರದೆಯ ಮುಂದೆ ಆ ಎತ್ತರದ ಹುಡುಗ ಒಬ್ಬನೇ ನಿಂತ. ಮದುವೆಗೆಂದು ಹೊಲಿಸಿಟ್ಟಿದ್ದ ರೇಷ್ಮೆ ಅಂಗಿ, ಕೈ ಎಲ್ಲಿಡಬೇಕೆಂದು ತಿಳಿಯದ ಸಂಕೋಚ. ಮೇಷ್ಟ್ರು ಬಾಗಿಲ ಹತ್ತಿರ ಮುನೀರಣ್ಣನ ಕುರ್ಚಿಯಲ್ಲಿ ಕೂತು ಅವನ ಚಹಾ ಕುಡಿಯುತ್ತಿದ್ದರು. ಮುನೀರಣ್ಣ ಮದುವೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟು, ಅದನ್ನೊಮ್ಮೆ ಹುಡುಗನನ್ನೊಮ್ಮೆ ನೋಡಿ, ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ.

"ಇನ್ನೂ ಸ್ವಲ್ಪ ಈ ಕಡೆ ಬಾಪ್ಪ" ಎಂದ. "ಅಲ್ಲಿ ನಿಮ್ಮಪ್ಪನ ಕೈ ಇದೆ."